ನಿಮ್ಮ ಅಮ್ಮ ಚರ್ಚಿನಲ್ಲಿ ಏನಾಗಿದ್ದರು?

ಅಮ್ಮ ತೀರಿಕೊಂಡ ಮೇಲೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. "ಮಣ್ಣಿಗೆ ಅಷ್ಟು ಜನ ಬಂದಿದ್ದರಲ್ಲ, ಅವರು ಚರ್ಚಿನಲ್ಲಿ ಏನಾಗಿದ್ದರು?"

ಏನೂ ಆಗಿರಲಿಲ್ಲ. ಪಾಸ್ಟರ್ ಅಲ್ಲ, ಪಾಸ್ಟರರ ಹೆಂಡತಿಯೂ ಅಲ್ಲ. ಕಮಿಟಿಯಲ್ಲಿ ಕೂತವರಲ್ಲ. ಸ್ತ್ರೀಯರ ಕೂಟದ ಕಾರ್ಯದರ್ಶಿ ಕೂಡ ಅಲ್ಲ. ಇಷ್ಟೇ ಬೇಕಿದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಸ್ಮರಣೆಯ ಪ್ರಾರ್ಥನೆಯ ದಿನ ನೆಂಟರೊಬ್ಬರು ಚಾ ಲೋಟ ಹಿಡಿದುಕೊಂಡೇ ಕೇಳಿದರು, "ಏನೂ ಪೋಸ್ಟ್ ಇರಲಿಲ್ವಾ? ಸುಮ್ನೆ ಹೋಗಿ ಬರ್ತಿದ್ದರಾ?" ಆ "ಸುಮ್ನೆ" ನನಗೆ ಇವತ್ತಿಗೂ ಚುಚ್ಚುತ್ತದೆ.

ಸುಮ್ನೆ ಅಂದರೆ ಏನು ಹೇಳಿ. ಅಮ್ಮ ದಿನಾ ಕುಚ್ಚಲಕ್ಕಿ ಅಳೆದು ಪಾತ್ರೆಗೆ ಹಾಕಿದ ಮೇಲೆ, ತೊಳೆಯುವ ಮೊದಲು, ಅದರಿಂದ ಒಂದು ಹಿಡಿ ವಾಪಸ್ ತೆಗೆಯುತ್ತಿದ್ದರು. ಅದು ಮುಚ್ಚಳ ಸರಿ ಕೂರದ ಹಳೇ ಬಿಸ್ಕತ್ ಡಬ್ಬಕ್ಕೆ. ಡಬ್ಬ ತುಂಬಿದರೆ ಚರ್ಚಿನ ಸಭೆಯ ಯಾವುದೋ ಬಡ ಮನೆಗೆ. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದ ತಿಂಗಳು ಹಿಡಿ ಚಿಕ್ಕದಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ನಮ್ಮ ಪಾಲಿನಿಂದಲೇ ತೆಗೆಯಬೇಕು, ಉಳಿದದ್ದನ್ನು ಕೊಡುವುದಲ್ಲ ಎನ್ನುವುದು ಅವರ ಲೆಕ್ಕ.

ಮತ್ತೆ ಮಿಷನ್ ಆಸ್ಪತ್ರೆ. ಉಡುಪಿಯವರಿಗೆ ಗೊತ್ತುಂಟು, ಸ್ವಿಸ್ ಡಾಕ್ಟ್ರಮ್ಮ ಇವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ್ದು. ಅಲ್ಲಿ ಯಾರಾದರೂ ಒಂಟಿಯಾಗಿ ಮಲಗಿದ್ದಾರೆ ಅಂತ ಗೊತ್ತಾದರೆ ಸಾಕು, ಅಮ್ಮ ಗಂಜಿ, ಉಪ್ಪಿನಕಾಯಿ ಕಟ್ಟಿಕೊಂಡು ಹೊರಡುತ್ತಿದ್ದರು. ಯಾವ ಜಾತಿ, ಯಾವ ಧರ್ಮ ಅಂತ ವಿಚಾರಿಸುತ್ತಿರಲಿಲ್ಲ. ಕೇಳದೆ ಅಲ್ಲಿ ಪ್ರಾರ್ಥನೆಯನ್ನೂ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತು ತಲೆ ಬಾಚಿ ಬರುತ್ತಿದ್ದರು.

ಹೆಂಗಸರಿಗೆ ಹುದ್ದೆ ಬೇಡ ಅಂತ ನಾನು ಹೇಳುತ್ತಿಲ್ಲ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಮೊದಲ ಮಹಿಳಾ ಬಿಷಪ್ ಆದಾಗ ಅಮ್ಮನಷ್ಟು ಖುಷಿಪಟ್ಟವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದರೆ ಹುದ್ದೆ ಇಲ್ಲದವರ ಕೆಲಸ ಕೆಲಸವೇ ಅಲ್ವಾ? ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಪೌಲನು ರೂಫನ ತಾಯಿಗೆ ವಂದನೆ ಹೇಳುತ್ತಾನೆ, ಆಕೆ ನನಗೂ ತಾಯಿ ಅನ್ನುತ್ತಾನೆ. ಆಕೆಯ ಹೆಸರು ಕೂಡ ಅಲ್ಲಿಲ್ಲ. ಅಮ್ಮನ ಸತ್ಯವೇದದಲ್ಲಿ ಆ ವಚನದ ಕೆಳಗೆ ಪೆನ್ಸಿಲ್ ಗೆರೆ ಉಂಟು.

ಯಾರೂ ಕೇಳದ ಪ್ರಶ್ನೆ ಒಂದಿದೆ: ಅಮ್ಮ ಏನಂತ ಪ್ರಾರ್ಥನೆ ಮಾಡುತ್ತಿದ್ದರು? ಅದನ್ನು ಕೇಳಿ, ಹೇಳುತ್ತೇನೆ.

ಸಭೆಯಲ್ಲಿ ಕನ್ನಡ, ಮನೆಯಲ್ಲಿ ತುಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ತುಳುವಿನಲ್ಲಿ ಹೊಸ ಒಡಂಬಡಿಕೆ ಪೂರ್ತಿ ಅಚ್ಚಾದದ್ದು 1847ರಲ್ಲಿ. ಹಾಗಾಗಿ ದೇವರ ಹತ್ತಿರ ತುಳು ಮಾತಾಡುವುದು ನಮ್ಮವರಿಗೆ ತಲೆಮಾರುಗಳ ಅಭ್ಯಾಸ. ಅಮ್ಮನ ಪ್ರಾರ್ಥನೆ ಚಿಕ್ಕದು. ಯಾರಾದರೂ ಉದ್ದ ಎಳೆದರೆ ಆಮೇಲೆ ನಮ್ಮ ಹತ್ತಿರ ಹೇಳುತ್ತಿದ್ದರು, "ದೇವರಿಗೆ ಬೇರೆ ಮನೆಗೂ ಹೋಗ್ಲಿಕ್ಕುಂಟು."

ಆದರೆ ಹೆಸರುಗಳು ಜಾಸ್ತಿ. ಒಂದು ವರ್ಷ ಬೇಲಿಯ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ದೊಡ್ಡ ಜಗಳವಾಯಿತು. ಆ ರಾತ್ರಿಯಿಂದ ಪಟ್ಟಿಯಲ್ಲಿ ಅವರ ಹೆಸರೇ ಮೊದಲು. ಅಪ್ಪ ರೇಗಿದರು, "ನಮ್ಮ ಬೇಲಿ ಕಿತ್ತವರಿಗೆ ಪ್ರಾರ್ಥನೆಯಾ?" ಅಮ್ಮ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, "ಮತ್ತೆ ಯಾರಿಗೆ ಮಾಡುವುದು? ನೀವು ಸರಿ ಇದ್ದೀರಲ್ಲ" ಅಂದರು. ಆ ಮನೆಯ ಸೊಸೆಗೆ ನೋವು ಶುರುವಾದಾಗ ಆಟೋದಲ್ಲಿ ಜೊತೆಗೆ ಹೋದದ್ದು ಅಮ್ಮನೇ. ಬೇಲಿ ಮಾತ್ರ ಅವರು ಹಾಕಿದಲ್ಲಿಯೇ ಉಳಿಯಿತು.