ಹರಳನ್ನು ನೋಡುವ ಕಣ್ಣು

ಸ್ನಾತಕೋತ್ತರ ಹಂತದಲ್ಲಿ ಸ್ಫಟಿಕವಿಜ್ಞಾನವನ್ನು, ಅಂದರೆ ಎಕ್ಸ್-ಕಿರಣಗಳ ನೆರವಿನಿಂದ ಹರಳಿನೊಳಗಿನ ಪರಮಾಣುಗಳ ಜೋಡಣೆಯನ್ನು (ರಚನೆಯನ್ನು) ತಿಳಿಯುವ ಶಾಸ್ತ್ರವನ್ನು, ಆರಿಸಿಕೊಳ್ಳುವ ವಿದ್ಯಾರ್ಥಿಗಳು ನನ್ನನ್ನು ಹೆಚ್ಚಾಗಿ ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಮೊದಲು ಸೂಕ್ಷ್ಮದರ್ಶಕದ ಮುಂದೆ ಕೂತು ಅಭ್ಯಾಸ ಮಾಡಿಕೊಳ್ಳಿ ಎಂಬುದೇ ನನ್ನ ಉತ್ತರ.

ಸೀಸೆಯ ತಳದಲ್ಲಿ ಹೊಳೆಯುವ ಹರಳುಗಳೆಲ್ಲ ಪ್ರಯೋಗಕ್ಕೆ ಒದಗುವುದಿಲ್ಲ. ಎಣ್ಣೆಯ ಹನಿಯಲ್ಲಿ ಒಂದು ಹರಳನ್ನಿರಿಸಿ, ಒಂದಕ್ಕೊಂದು ಅಡ್ಡಲಾಗಿ ಹೊಂದಿಸಿದ ಎರಡು ಪೋಲರೈಸರ್‌ಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸೋಸುಫಲಕಗಳ) ನಡುವೆ ನಿಧಾನವಾಗಿ ತಿರುಗಿಸಿದರೆ, ಒಳ್ಳೆಯ ಹರಳು 90 ಡಿಗ್ರಿಗೊಮ್ಮೆ ಇಡಿಯಾಗಿ ಕಪ್ಪಾಗುತ್ತದೆ; ಒಂದು ಬದಿ ಕಪ್ಪಾದಾಗಲೂ ಇನ್ನೊಂದು ಬದಿ ಬೆಳಗುತ್ತಿದ್ದರೆ ಅದು ಬೆಸೆದುಕೊಂಡ ಅವಳಿ ಹರಳಿರಬಹುದು. (ಉಪ್ಪಿನ ಹರಳಿನಂಥ ಕ್ಯೂಬಿಕ್ ವರ್ಗದ ಹರಳು ಮಾತ್ರ ಹೇಗೆ ತಿರುಗಿಸಿದರೂ ಕಪ್ಪಾಗಿಯೇ ಇರುತ್ತದೆ.) ಈ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಇದನ್ನು ಬಿಟ್ಟವರು ಮುಂದೆ ದಿನಗಟ್ಟಲೆ ಕಂಪ್ಯೂಟರಿನೊಂದಿಗೆ ಗುದ್ದಾಡಬೇಕಾಗುತ್ತದೆ.

ಸಾಫ್ಟ್‌ವೇರಿಗಿಂತ ಮೊದಲು ಅರಿಯಬೇಕಾದ ಎರಡನೆಯ ವಿಷಯ ಫೇಸ್ ಸಮಸ್ಯೆ. ಹರಳಿನಿಂದ ಚದುರಿದ ಎಕ್ಸ್-ಕಿರಣಗಳ ತೀವ್ರತೆಯನ್ನಷ್ಟೇ ಡಿಟೆಕ್ಟರ್ ದಾಖಲಿಸುತ್ತದೆ. ಅಲೆಗಳ ಫೇಸ್, ಅಂದರೆ ಏರಿಳಿತದ ಯಾವ ಹಂತದಲ್ಲಿ ಅವು ಇವೆ ಎಂಬ ಮಾಹಿತಿ, ಅಲ್ಲಿಯೇ ಕಳೆದುಹೋಗುತ್ತದೆ, ಅದಿಲ್ಲದೆ ಪರಮಾಣುಗಳ ಸ್ಥಾನ ತಿಳಿಯದು. 1956ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಎಸ್. ರಾಮನ್ ಅವರು ಭಾರವಾದ ಪರಮಾಣುಗಳ ಅಸಹಜ ಚದುರುವಿಕೆಯಿಂದಲೇ (ಚದುರಿಸುವಾಗ ಅವು ಅಲೆಯ ಫೇಸನ್ನು ತುಸು ಬದಲಿಸುವುದರಿಂದಲೇ) ಫೇಸನ್ನು ಮರಳಿ ಪಡೆಯುವ ದಾರಿ ತೋರಿಸಿದರು. ಆ ಕೆಲಸ ಮದ್ರಾಸಿನಲ್ಲಿ ನಡೆಯಿತು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಇನ್ನೊಂದು ದಾರಿಯಾದ, ಅಳೆದ ತೀವ್ರತೆಗಳಿಂದಲೇ ಗಣಿತದ ಮೂಲಕ ಫೇಸನ್ನು ಅಂದಾಜಿಸುವ ಡೈರೆಕ್ಟ್ ಮೆಥಡ್ಸ್‌ಗಾಗಿ ಹಾಪ್ಟ್‌ಮನ್ ಮತ್ತು ಕಾರ್ಲ್ ಅವರಿಗೆ 1985ರ ನೊಬೆಲ್ ದೊರೆಯಿತು. ಇಂದು ಸಣ್ಣ ಅಣುಗಳ ಮಟ್ಟಿಗೆ ಈ ಲೆಕ್ಕವೆಲ್ಲ ಕ್ಷಣಗಳಲ್ಲಿ ಮುಗಿಯುವುದರಿಂದ, ಅಲ್ಲೊಂದು ಸಮಸ್ಯೆ ಇತ್ತೆಂಬುದೇ ಹಲವರ ಅರಿವಿಗೆ ಬರುವುದಿಲ್ಲ, ಮತ್ತು ನನಗೆ ಕಳವಳವಾಗುವುದು ಇದೇ ವಿಷಯಕ್ಕೆ.

ಸಾಫ್ಟ್‌ವೇರ್ 230 ಸ್ಪೇಸ್ ಗ್ರೂಪ್‌ಗಳಲ್ಲಿ (ಹರಳಿನೊಳಗಿನ ಜೋಡಣೆಗೆ ಇರಬಹುದಾದ ಸಮ್ಮಿತಿಯ ಬಗೆಗಳಲ್ಲಿ) ಒಂದನ್ನು ಸೂಚಿಸುತ್ತದೆ; ಅದು ಸರಿಯೇ ಎಂದು ತೀರ್ಮಾನಿಸುವ ಹೊಣೆ ನಮ್ಮದು. ಕ್ಯಾಲ್ಟೆಕ್‌ನ ರಿಚರ್ಡ್ ಮಾರ್ಷ್ ಅವರು ಪ್ರಕಟವಾದ ರಚನೆಗಳನ್ನು ಮತ್ತೆ ಪರಿಶೀಲಿಸಿ, ಎಷ್ಟೋ ಹರಳುಗಳಿಗೆ ಇರಬೇಕಾದುದಕ್ಕಿಂತ ಕಡಿಮೆ ಸಮ್ಮಿತಿಯನ್ನು ಕೊಡಲಾಗಿದೆಯೆಂದು ವರ್ಷಗಟ್ಟಲೆ ತೋರಿಸುತ್ತ ಬಂದರು. ಆ ರಚನೆಗಳೆಲ್ಲ ತಜ್ಞರ ವಿಮರ್ಶೆಯನ್ನು ದಾಟಿಯೇ ಅಚ್ಚಾಗಿದ್ದವು.

ಆದ್ದರಿಂದ ಪಿಎಚ್.ಡಿ.ಗೆ ಪ್ರಯೋಗಾಲಯವನ್ನು ಹುಡುಕುವಾಗ ಅಲ್ಲಿನ ಉಪಕರಣ ಎಷ್ಟು ಹೊಸದೆಂದು ಕೇಳುವ ಮೊದಲು, ಹರಳನ್ನು ಆರಿಸಿ ನೈಲಾನ್ ಕುಣಿಕೆಯ ಮೇಲೆ ಕೂರಿಸುವುದರಿಂದ ಹಿಡಿದು ರಚನೆಯನ್ನು ಬಿಡಿಸುವವರೆಗಿನ ಕೆಲಸವನ್ನು ವಿದ್ಯಾರ್ಥಿಗಳೇ ಮಾಡುತ್ತಾರೋ, ಇಲ್ಲವೇ ಹರಳಿನ ಸೀಸೆಯನ್ನು ಕೊಟ್ಟು ಫಲಿತಾಂಶದ ಕಡತಕ್ಕಾಗಿ ಕಾಯುತ್ತಾರೋ ಎಂದು ವಿಚಾರಿಸಿ.