ಎರ್ಲಡ್ಡು ನೋಡಲು ಹೋಗಿ

ಜೈಸಲ್ಮೇರಿಗೆ ನಾನು ಹೋಗಿದ್ದು ಹಕ್ಕಿ ನೋಡಲು. ನಮ್ಮ ಸಿರುಗುಪ್ಪ ಕಡೆ ಎರ್ಲಡ್ಡು ಅಂತಾರಲ್ಲ, ಅದು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಅಲ್ಲಿಯವರ ಬಾಯಲ್ಲಿ ಗೋಡಾವಣ್. ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುದಾಸರಿಯಲ್ಲಿ ಬೆಳಗಿನಿಂದ ದುರ್ಬೀನು ಹಿಡಿದು ಕೂತಿದ್ದೇ ಬಂತು, ಹಕ್ಕಿಯ ಸುಳಿವೇ ಇಲ್ಲ. ಡಿಸೆಂಬರ್ ಚಳಿಗೆ ಮೂಗು ಮಾತ್ರ ಸೋರುತ್ತಿತ್ತು.

ವಾಪಸ್ ಬರುವಾಗ ಚಹಾಕ್ಕೆಂದು ಜೀಪು ನಿಲ್ಲಿಸಿದರು. ರಸ್ತೆ ಪಕ್ಕ ಒಂದು ಖೀಂಪ್ ಪೊದೆ. ಎಲೆಯೇ ಇಲ್ಲದ, ಪೊರಕೆಯನ್ನು ತಲೆಕೆಳಗಾಗಿ ನೆಟ್ಟಂಥ ಗಿಡ. ಅದರ ಕಡ್ಡಿಯೊಂದರ ಮೇಲೆ ಮರಳಿನ ಹರಳು ಅಲುಗಿದ ಹಾಗಾಯಿತು. ಗಾಳಿ ಇರಲಿಲ್ಲ.

ಬಗ್ಗಿ ನೋಡಿದರೆ ಜಿಗಿಯುವ ಜೇಡ! ಕಡಲೆಬೇಳೆಯಷ್ಟು ಗಾತ್ರ, ಮೈತುಂಬ ಬೂದು ಬಿಳಿ ಕೂದಲು. ನಾನು ಮಂಡಿಯೂರಿದೆ. ಬುರುಟ್ ಹುಲ್ಲಿನ ಮುಳ್ಳುಕಾಯಿಗಳು ಪ್ಯಾಂಟಿಗೆಲ್ಲ ಮೆತ್ತಿಕೊಂಡವು. ಜೇಡ ನನ್ನತ್ತ ತಿರುಗಿತು. ನಾನು ಎಡಕ್ಕೆ ಸರಿದರೆ ಅದೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಇವಕ್ಕೆ ಎಂಟು ಕಣ್ಣು. ಮುಂದಿನ ಎರಡು ದೊಡ್ಡವು, ಒಳಗೆ ಕೊಳವೆಯ ಹಾಗೆ ಉದ್ದಕ್ಕಿವೆ. ಕಣ್ಣಿನ ಗಾಜು ಅಲುಗುವುದಿಲ್ಲ, ಒಳಗಿನ ಪರದೆ ಮಾತ್ರ ಸರಿದಾಡುತ್ತದೆ. ಬೆಳಗ್ಗೆಯೆಲ್ಲ ನೋಡಲು ಕೂತಿದ್ದವನನ್ನು ಕೊನೆಗೆ ಒಂದು ಜೇಡ ನೋಡುತ್ತಿತ್ತು.

ಹತ್ತಿರ ಹೋಗುವ ಆಸೆಗೆ ಉಸಿರು ಬಿಟ್ಟುಬಿಟ್ಟೆ. ಟಣ್ಣನೆ ಹಾರಿತು. ಮಿಡತೆಯಂತೆ ದಪ್ಪ ತೊಡೆಯೇನಿಲ್ಲ ಇದಕ್ಕೆ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕುತ್ತದೆ, ಮಡಚಿದ ಕಾಲು ಚಾಚಿಕೊಳ್ಳುತ್ತದೆ, ಅಷ್ಟೇ. ಹಾರುವ ಮೊದಲು ಕಡ್ಡಿಗೆ ಒಂದೆಳೆ ನೂಲು ಅಂಟಿಸಿತ್ತು. ಬಿಸಿಲಿಗೆ ಅದು ಒಂದು ಕ್ಷಣ ಮಿನುಗಿತು. ಪಕ್ಕದ ಕಡ್ಡಿಯಲ್ಲಿ ನೊಣ ಕಚ್ಚಿಕೊಂಡು ನಿಂತಿತ್ತು! ನನಗೆ ಹೆದರಿ ಹಾರಿದ್ದಲ್ಲ, ಊಟಕ್ಕೆ ಹಾರಿದ್ದು.

"ಮಕಡಿ ನೋಡೋಕೆ ಬೆಂಗಳೂರಿಂದ ಬಂದ್ರಾ?" ಎಂದು ಡ್ರೈವರ್ ಹಿಂದಿಯಲ್ಲಿ ಕೇಳಿದ. ಹೌದು ಅಂದೆ. ಹಕ್ಕಿ ಕಾಣದ ಅವಮಾನಕ್ಕಿಂತ ಅದೇ ವಾಸಿ ಅಲ್ವಾ?

ಊರಿಗೆ ಬಂದ ಮೇಲೆ ಹುಡುಕಿದೆ. ಮೋಗ್ರಸ್ ಕುಲದ್ದಿರಬೇಕು ಅನ್ನಿಸಿತು. ಫ್ರಾನ್ಸಿನ ಯೂಜೀನ್ ಸಿಮೋನ್ ಆ ಕುಲಕ್ಕೆ ಹೆಸರಿಟ್ಟಿದ್ದು 1882ರಲ್ಲಿ. ಅದರೊಳಗಿನ ಮೋಗ್ರಸ್ ರಾಜಸ್ಥಾನೆನ್ಸಿಸ್ ಎಂಬ ಪ್ರಭೇದಕ್ಕೆ ಹೆಸರು ಬಿದ್ದಿದ್ದು 2017ರಲ್ಲಿ, ನನ್ನ ಮಗಳು ಶಾಲೆಗೆ ಸೇರಿದ ವರ್ಷ. ನಾನು ಕಂಡದ್ದು ಅದೇನಾ? ಜೇಡಗಳ ಬಗ್ಗೆ ಬಲ್ಲ ಗೆಳೆಯನಿಗೆ ನಲವತ್ತೊಂದು ಫೋಟೋ ಕಳಿಸಿದೆ. ಗಂಡಾಗಿದ್ದರೆ ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿ ನೋಡಬೇಕು, ಅದೂ ಮೈಕ್ರೋಸ್ಕೋಪಿನಲ್ಲಿ ಆದರೆ ಒಳ್ಳೆಯದು ಎಂದ. ಕಡೇ ಪಕ್ಷ ಆ ಕೈ ಕಾಣುವ ಫೋಟೋ ಇದೆಯಾ ಎಂದು ಕೇಳಿದ.

ಎಲ್ಲವನ್ನೂ ಮತ್ತೆ ತೆಗೆದು ನೋಡಿದೆ. ಮುಖ ಸ್ಪಷ್ಟವಾಗಿ ಬಂದಿದ್ದು ಒಂದೇ ಒಂದರಲ್ಲಿ. ಅದರಲ್ಲಿ ಕೈ ಇರಬೇಕಾದ ಜಾಗಕ್ಕೆ ಸರಿಯಾಗಿ ನೊಣ ಕೂತಿದೆ.