ಗೊತ್ತಿರೋ ಬೋರ್ಡೇ ಮೋಸ ಮಾಡೋದು

ಹುಬ್ಬಳ್ಳಿ-ಧಾರವಾಡದಿಂದ ಜರ್ಮನಿ, ಅಮೆರಿಕ, ದುಬೈ ಕಡೆ ಹೊಂಟ ಮಂದಿ ಈಗ ಬಹಳ. ಹೋಗೋ ಮುಂಚೆ ಎಲ್ಲರೂ ಕೇಳೋದು ಒಂದೇ: ಬಲಗಡೆ ಗಾಡಿ ಹೊಡೆಯೋದು ಕಷ್ಟ ಆಗ್ತದೇನು? ಅದು ಕೆಲವೇ ದಿನದಲ್ಲಿ ರೂಢಿ ಆಗ್ತದೆ. ತೊಂದರೆ ಕೊಡೋದು, ನಮಗೆ ಗೊತ್ತೇ ಇದೆ ಅನಿಸುವ ಗುರುತುಗಳು. ತಿಳಿಯದ ಬೋರ್ಡ್ ಕಂಡರೆ ಯಾರಾದರೂ ಸ್ಲೋ ಮಾಡ್ತಾರೆ. ತಿಳಿದಂಗೆ ಕಂಡರೆ ಹಾಗೇ ಹೋಗಿಬಿಡ್ತಾರೆ.

ರಸ್ತೆ ಚಿಹ್ನೆಗಳ ಬಗ್ಗೆ 1968ರಲ್ಲಿ ವಿಯೆನ್ನಾ ಒಪ್ಪಂದ ಆಯಿತು. ಭಾರತ 1980ರಲ್ಲಿ ಸೇರಿತು, ಅಮೆರಿಕ ಸೇರಲಿಲ್ಲ. ಹಾಗಾಗಿ ಕೆಂಪು ಅಂಚಿನ ತ್ರಿಕೋನ ಅಂದರೆ ಎಚ್ಚರಿಕೆ ಅನ್ನೋದು ನಮಗೂ ಜರ್ಮನಿಗೂ ಒಂದೇ. ಅಮೆರಿಕದಲ್ಲಿ ಅದೇ ಕೆಲಸಕ್ಕೆ ಮೂಲೆ ಮೇಲೆ ನಿಲ್ಲಿಸಿದ ಹಳದಿ ಚೌಕ ಇರ್ತದೆ. ಬಿಳಿ ಅಂಚಿನ ಇಂಥದೇ ಹಳದಿ ಚೌಕ ಜರ್ಮನಿಯಲ್ಲಿ ಕಂಡರೆ ಅರ್ಥ ಪೂರ್ತಿ ಬೇರೆ: ನೀವು ಮುಖ್ಯರಸ್ತೆಯಲ್ಲಿದ್ದೀರಿ, ಅಡ್ಡರಸ್ತೆಯವರು ನಿಮಗೆ ದಾರಿ ಬಿಡಬೇಕು. ಚೌಕದ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಅಲ್ಲಿಗೆ ಮುಗೀತು.

ಮುಗಿದ ಮೇಲೆ, ಬೇರೆ ಬೋರ್ಡಾಗಲಿ ಸಿಗ್ನಲ್ಲಾಗಲಿ ಇಲ್ಲದ ಕಡೆ, ಬಲಗಡೆಯಿಂದ ಬರುವವರು ಮೊದಲು. ಜರ್ಮನಿಯ ವಸತಿ ಬೀದಿಗಳಲ್ಲಿ ಬಹುತೇಕ ಇದೇ ಲೆಕ್ಕ. ಬಲಗಡೆ ಸಣ್ಣ ಓಣಿಯಿಂದ ಸೈಕಲ್ ಬಂದರೂ ನಿಲ್ಲಬೇಕು, ನಿಮ್ಮ ರಸ್ತೆ ಎಷ್ಟೇ ಅಗಲ ಇರಲಿ. ಆದರೆ ಆ ಗಾಡಿ ಯಾವುದೋ ಅಂಗಳದಿಂದ ಅಥವಾ ಗಾಡಿ ದಾಟಲೆಂದು ತಗ್ಗಿಸಿದ ಫುಟ್‌ಪಾತ್ ಅಂಚು ದಾಟಿ ಹೊರಗೆ ಬರ್ತಿದ್ದರೆ ಅದಕ್ಕೆ ಈ ಹಕ್ಕಿಲ್ಲ. ಮಜಾ ಅಂದರೆ, ಮುಖ್ಯರಸ್ತೆ ಅಲ್ಲದ ಕೂಡುರಸ್ತೆಯಲ್ಲಿ ಬಲಗಡೆಯವರಿಗೆ ದಾರಿ ಬಿಡಿ ಅಂತ ನಮ್ಮ ದೇಶದ ನಿಯಮದಲ್ಲೂ ಬರೆದಿದೆ. ಧಾರವಾಡದ ಮಾಳಮಡ್ಡಿ ಓಣಿಯಲ್ಲಿ ಅದನ್ನು ತೀರ್ಮಾನ ಮಾಡೋದು ಹಾರ್ನ್.

ಹಳದಿ ಗೆರೆಯದೂ ಹೀಗೇ. ಅಮೆರಿಕದಲ್ಲಿ ಎದುರು ದಿಕ್ಕಿನ ಗಾಡಿಗಳನ್ನು ಬೇರೆ ಮಾಡೋದು ಹಳದಿ, ಒಂದೇ ದಿಕ್ಕಿನ ಲೇನ್‌ಗಳ ನಡುವೆ ಬಿಳಿ. ಹೊಸಬರಿಗೆ ಇದರಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಹಳದಿ ಗೆರೆ ನಿಮ್ಮ ಎಡಕ್ಕಿರಬೇಕು. ಹೈವೇಯಲ್ಲಿ ಅದು ಬಲಕ್ಕೆ ಕಂಡರೆ ನೀವು ರಾಂಗ್ ಸೈಡ್ ಹೊಂಟೀರಿ. ಜರ್ಮನಿಯಲ್ಲಿ ಹಳದಿ ಗೆರೆ ರಸ್ತೆ ಕೆಲಸ ನಡೆಯುವಾಗ ಹಾಕುವ ತಾತ್ಕಾಲಿಕ ಗೆರೆ. ಕೆಳಗೆ ಬಿಳಿ ಗೆರೆ ಇನ್ನೂ ಇರ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಬ್ರಿಟನ್ನಿನಲ್ಲಿ ರಸ್ತೆ ಅಂಚಿಗೆ ಜೋಡಿ ಹಳದಿ ಇದ್ದರೆ ಗಾಡಿ ಪಾರ್ಕ್ ಮಾಡುವಂತಿಲ್ಲ.

ಇನ್ನು ಡಿಪ್ಪರ್, ಅಂದರೆ ಹೆಡ್‌ಲೈಟ್ ಮಿಂಚಿಸೋದು. ನಮ್ಮಲ್ಲಿ ಲಾರಿ ಡಿಪ್ಪರ್ ಹೊಡೆದರೆ ‘ನಾ ಬರಾಕತ್ತೀನಿ, ನೀ ನಿಲ್ಲು’ ಅಂತ. ಬ್ರಿಟನ್ನಿನ ನಿಯಮದ ಪ್ರಕಾರ ಅದು ‘ನಾನಿಲ್ಲಿದ್ದೀನಿ’ ಅಂತ ತಿಳಿಸೋಕೆ ಮಾತ್ರ, ಆದರೆ ರಸ್ತೆಯಲ್ಲಿ ಬಹಳ ಮಂದಿ ‘ನೀವು ಹೋಗ್ರಿ’ ಅನ್ನೋಕೆ ಬಳಸ್ತಾರೆ. ಅಲ್ಲಿ ನಮ್ಮವರು ಊರಿನ ಚಟಕ್ಕೆ ಡಿಪ್ಪರ್ ಹೊಡೆದರೆ, ತಿರುಗೋಕೆ ಕಾದು ನಿಂತವನು ಥ್ಯಾಂಕ್ಸ್ ಅಂತ ಕೈ ಎತ್ತಿ ಸೀದಾ ಮುಂದೆ ಬರ್ತಾನೆ.

ಅಮೆರಿಕದಲ್ಲಿ ಕೆಂಪು ದೀಪ ಇದ್ದಾಗಲೂ ಬಲಕ್ಕೆ ತಿರುಗಬಹುದು, ಆದರೆ ನಮ್ಮ ಫ್ರೀ ಲೆಫ್ಟಿನಂತೆ ಅಲ್ಲ: ಚಕ್ರ ಪೂರ್ತಿ ನಿಲ್ಲಬೇಕು, ಬೇಡ ಅನ್ನುವ ಬೋರ್ಡ್ ಇರಬಾರದು. ನ್ಯೂಯಾರ್ಕ್ ನಗರದಲ್ಲಿ ಉಲ್ಟಾ, ಬೋರ್ಡ್ ಇದ್ದರಷ್ಟೇ ಪರವಾನಗಿ. ಸ್ಟಾಪ್ ಬೋರ್ಡಿನ ಕೆಳಗೆ ‘ಆಲ್ ವೇ’ ಅಂತ ಪಟ್ಟಿ ಇದ್ದರೆ ಎಲ್ಲ ಕಡೆಯವರೂ ನಿಲ್ಲಬೇಕು. ಮೊದಲು ಬಂದವರು ಮೊದಲು ಹೋಗ್ತಾರೆ, ಒಟ್ಟಿಗೇ ಬಂದರೆ ಬಲಗಡೆಯವರು. ಆ ಸಣ್ಣ ಪಟ್ಟಿ ಇಲ್ಲದಿದ್ದರೆ ಅಡ್ಡ ಬರುವ ಗಾಡಿ ನಿಲ್ಲೋದೇ ಇಲ್ಲ. ಅಲ್ಲಿ ಮೈಲಿ ಲೆಕ್ಕ ಅನ್ನೋದೂ ನೆನಪಿರಲಿ, 65 ಅಂದರೆ ಸುಮಾರು 105 ಕಿ.ಮೀ.

ದುಬೈಯಲ್ಲಿ ಸ್ಪೀಡ್ ಕ್ಯಾಮೆರಾ ದಂಡಕ್ಕೆ ಬೋರ್ಡಿನಲ್ಲಿರುವ ಮಿತಿಗಿಂತ 20 ಕಿ.ಮೀ. ಸಡಿಲಿಕೆ ಇದೆ. ಪಕ್ಕದ ಅಬುಧಾಬಿ 2018ರಲ್ಲೇ ಅದನ್ನು ತೆಗೆದು ಹಾಕಿದೆ. ದೇಶ ಒಂದೇ!

ಎಡಕ್ಕೆ ಸ್ಟೇರಿಂಗ್ ಇರುವ ಗಾಡಿಯಲ್ಲಿ ಸೀಟು ಬದಲಾದರೂ ಕಣ್ಣಿನ ಅಂದಾಜು ಹಳೇದೇ ಇರ್ತದೆ, ಹಾಗಾಗಿ ಕಾರು ಬಲಗಡೆ ಅಂಚಿಗೆ ಜಾರ್ತದೆ. ಬಲಗಡೆ ಕನ್ನಡಿ ಮೇಲೆ ಕಣ್ಣಿಡಿ. ನಮ್ಮ ಮಾರುತಿ, ಹ್ಯುಂಡೈಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಕ್ಕೆ, ಅಲ್ಲಿ ಎಡಕ್ಕೆ. ಮೊದಲ ವಾರ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಆಡಿಸೋದು ಖಾತ್ರಿ. ತಪ್ಪು ಬದಿಗೆ ನುಗ್ಗೋದು ಟ್ರಾಫಿಕ್ಕಿನಲ್ಲಿ ಕಮ್ಮಿ. ಬೆಳಗಿನ ಖಾಲಿ ರಸ್ತೆ, ಪೆಟ್ರೋಲ್ ಬಂಕಿನಿಂದ ಹೊರಬೀಳುವ ಹೊತ್ತು, ಇವೇ ಅದರ ಜಾಗ. ಮುಂದೆ ಅನುಸರಿಸೋಕೆ ಬೇರೆ ಗಾಡಿ ಇರೋದಿಲ್ಲವಲ್ಲ.

ಕಾಗದದ ಕೆಲಸ ಊರು ಬಿಡೋ ಮುಂಚೆಯೇ ಮುಗಿಸಿ. ಗಾಡಿ ಓಡಿಸುವ ಅಂತರರಾಷ್ಟ್ರೀಯ ಪರವಾನಗಿಗೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ (ಧಾರವಾಡ ಕೆಎ 25, ಹುಬ್ಬಳ್ಳಿ ಕೆಎ 63) ಫಾರ್ಮ್ 4ಎ ತುಂಬಬೇಕು. ಜೊತೆಗೆ ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ ಬೇಕು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ, ಮತ್ತು ಮೂಲ ಲೈಸೆನ್ಸ್ ಕಾರ್ಡ್ ಜೊತೆಗಿಲ್ಲದಿದ್ದರೆ ಅದೊಂದೇ ನಡೆಯೋದಿಲ್ಲ. ಜರ್ಮನಿಯಲ್ಲಿ ನೆಲೆಸಲು ಹೋದವರಿಗೆ ನಮ್ಮ ಲೈಸೆನ್ಸ್ ನಡೆಯೋದು ಆರು ತಿಂಗಳು. ಆಮೇಲೆ ಅಲ್ಲಿನ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಐದನೇ ತಿಂಗಳಿಗೆ ಶುರು ಮಾಡಿದರೆ ತಡ ಆಗ್ತದೆ.